ಎತ್ತಿದ ಕೈ

ನಮ್ಮ ಮನೆಗೆ ಪಿಸ್ತೂಲು ಬಂದದ್ದು ಒಂದು ಶುಕ್ರವಾರ ಸಂಜೆ. ವಾರ ಇಷ್ಟು ಚೆನ್ನಾಗಿ ನೆನಪಿರುವುದಕ್ಕೆ ಕಾರಣ ನಮ್ಮ ಅತ್ತೆ. ದೇವರ ಮುಂದೆ ದೀಪ ಹಚ್ಚಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹಜಾರಕ್ಕೆ ಬಂದವರು ಮೊಮ್ಮಗಳ ತೊಡೆಯ ಮೇಲಿದ್ದ ಕಪ್ಪು ಪೆಟ್ಟಿಗೆಯನ್ನು ನೋಡಿ, "ಏನೇ ಅದು, ಪಿಟೀಲಾ?" ಎಂದು ಕೇಳಿದರು. ಮಗಳು ನಗುತ್ತ ಮುಚ್ಚಳ ತೆಗೆದಳು. ಎಂಬತ್ತೆರಡು ವರ್ಷದ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ಶಿವನೇ! ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಯಾರಾದ್ರೂ ಮನೆಗೆ ಕೋವಿ ತರ್ತಾರೇನೇ?"

"ಕೋವಿ ಅಲ್ಲ ಅಜ್ಜಿ, ಗಾಳಿ ಪಿಸ್ತೂಲು. ಇದರಲ್ಲಿ ಮದ್ದಿಲ್ಲ. ಗಾಳಿಯಲ್ಲಿ ಹೊಡೆಯೋದು."

"ಯಾವುದರಲ್ಲಿ ಹೊಡೆದ್ರೇನು, ಹೊಡೆಯೋದು ಹೊಡೆಯೋದೇ ತಾನೆ?"

ಅತ್ತೆ ಅಷ್ಟು ಹೇಳಿ ಒಳಗೆ ಹೋದರು. ಮಗಳು ನನ್ನ ಮುಖ ನೋಡಿದಳು. ನಾನು ಕಾಪಿ ಪುಸ್ತಕಗಳ ರಾಶಿಯ ಮೇಲೆ ತಲೆ ಬಗ್ಗಿಸಿಕೊಂಡೆ. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಎದುರಾದರೆ ಏನಾಗುತ್ತದೆ ಎಂದು ಶಿಕ್ಷಕಿಯರಾದ ನನ್ನ ಓದುಗ ಗೆಳತಿಯರಿಗೆ ಹೇಳಬೇಕಾಗಿಲ್ಲ. ಇದ್ದಕ್ಕಿದ್ದಂತೆ ಕೆಂಪು ಶಾಯಿಯ ಕೆಲಸ ಹೆಚ್ಚಾಗಿಬಿಡುತ್ತದೆ.

ಈ ಹುಚ್ಚು ಅವಳಿಗೆ ಹತ್ತಿದ್ದು 2021ರಲ್ಲಿ. ಟೋಕಿಯೊ ಒಲಿಂಪಿಕ್ಸ್ ನಡೆಯುತ್ತಿದ್ದ ಕಾಲ. ಕೊರೋನಾ ಕಾರಣಕ್ಕೆ ಶಾಲೆಗಳು ಮುಚ್ಚಿದ್ದವು, ಮನೆಯಲ್ಲಿ ಎಲ್ಲರೂ ಟೀವಿಯ ಮುಂದೆ. ಮನು ಭಾಕರ್ ಎಂಬ ಹತ್ತೊಂಬತ್ತರ ಹುಡುಗಿ ಹತ್ತು ಮೀಟರ್ ಗಾಳಿ ಪಿಸ್ತೂಲು ಸ್ಪರ್ಧೆಗೆ ನಿಂತಿದ್ದಳು. ನಡುವೆ ಅವಳ ಪಿಸ್ತೂಲು ಕೆಟ್ಟಿತು. ರಿಪೇರಿಗೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದಿದ್ದವು. ಉಳಿದ ಗುಂಡುಗಳನ್ನು ಆತುರದಲ್ಲಿ ಹೊಡೆದು 575 ಅಂಕ ಗಳಿಸಿ ಹನ್ನೆರಡನೆಯವಳಾದಳು. ಎರಡೇ ಅಂಕಗಳಲ್ಲಿ ಫೈನಲ್ ತಪ್ಪಿತು. ಗೆದ್ದವರನ್ನು ನೋಡಿ ಮಕ್ಕಳು ಆಟಕ್ಕೆ ಮನಸೋಲುವುದುಂಟು. ನನ್ನ ಮಗಳು ಸೋತವಳನ್ನು ನೋಡಿ ಮನಸೋತಳು. ಅದೇ ಮನು 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದಾಗ, ಒಲಿಂಪಿಕ್ಸ್ ಶೂಟಿಂಗಿನಲ್ಲಿ ಪದಕ ಗೆದ್ದ ಭಾರತದ ಮೊದಲ ಹೆಣ್ಣುಮಗಳು ಎಂದು ಪತ್ರಿಕೆಗಳು ಬರೆದವು. ಆ ಹೊತ್ತಿಗೆ ನನ್ನ ಮಗಳು ವಾರಕ್ಕೆ ಮೂರು ದಿನ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಅಭ್ಯಾಸ ಮಾಡಿ ಬರುತ್ತಿದ್ದಳು.

ಇಷ್ಟು ದಿನ ಅವಳು ಬಳಸುತ್ತಿದ್ದದ್ದು ಅಭ್ಯಾಸದ ಜಾಗದಲ್ಲಿದ್ದ, ನಾಲ್ಕಾರು ಮಕ್ಕಳು ಹಂಚಿಕೊಳ್ಳುತ್ತಿದ್ದ ಗಿಡ್ಡ ಪಿಸ್ತೂಲು. ಸ್ಪರ್ಧೆಗೆ ನಿಲ್ಲಬೇಕಾದರೆ ತನ್ನದೇ ಒಂದು, ಪೂರ್ತಿ ಅಳತೆಯದು ಬೇಕೆಂದಳು. ಬೆಲೆ ಒಂದೂವರೆ ಲಕ್ಷ ದಾಟಿತ್ತು. ಜಿ.ಪಿ.ಎಫ್. ಸಾಲದ ಅರ್ಜಿಯಲ್ಲಿ ಕಾರಣ ಬರೆಯುವ ಜಾಗಕ್ಕೆ ಬಂದಾಗ ನನ್ನ ಪೆನ್ನು ನಿಂತಿತು. "ಮಗಳ ವಿದ್ಯಾಭ್ಯಾಸಕ್ಕಾಗಿ" ಎಂದು ಬರೆದೆ. ಸುಳ್ಳು ಬರೆದೆನೇನೋ ಎಂದು ಆಮೇಲೆ ಕೊರೆಯಿತು. ಈಗ ಹಾಗನ್ನಿಸುವುದಿಲ್ಲ. ವಿದ್ಯಾಭ್ಯಾಸ ಆಯಿತು, ಅವಳಿಗಿಂತ ಹೆಚ್ಚಾಗಿ ನನಗೆ.

ಹೊಸ ಪಿಸ್ತೂಲು ಬಂದರೆ ಅಂಕ ಏರುತ್ತದೆ ಎಂದು ನಾನು ತಿಳಿದಿದ್ದೆ. ಆದದ್ದು ತಿರುಗುಮುರುಗು. ಆರುನೂರಕ್ಕೆ ಐನೂರೈವತ್ತರ ಮೇಲೆ ಬರುತ್ತಿದ್ದವಳು ಐನೂರ ಮೂವತ್ತಕ್ಕೆ ಇಳಿದಳು. ಊಟ ಬಿಟ್ಟಳು, ಮಾತು ಬಿಟ್ಟಳು. "ಕೈ ನಡುಗ್ತಿದೆ ಅಮ್ಮ, ಮೊದಲು ಇಷ್ಟು ನಡುಗ್ತಿರಲಿಲ್ಲ" ಎಂದು ಅತ್ತಳು. ಅವಳಿಗೆ ಕಲಿಸುವವರು ಹೇಳಿದ ವಿವರಣೆ ನನ್ನನ್ನು ಬಹಳ ದಿನ ಕಾಡಿತು. ಪಿಸ್ತೂಲಿನ ಹಿಂಬದಿಯಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಮುಂತುದಿಯಲ್ಲಿ ಒಂದು ಚಿಕ್ಕ ಗೂಟ. ಕಚ್ಚಿನ ನಡುವೆ ಗೂಟ ಸರಿಯಾಗಿ ನಿಂತಂತೆ ಕಂಡರೆ ಗುರಿ ನೆಟ್ಟಗಿದೆ ಎಂದರ್ಥ. ಗಿಡ್ಡ ಪಿಸ್ತೂಲಿನಲ್ಲಿ ಇವೆರಡೂ ಹತ್ತಿರ, ಉದ್ದ ಪಿಸ್ತೂಲಿನಲ್ಲಿ ದೂರ. ದೂರ ಹೆಚ್ಚಿದಷ್ಟೂ ಕೈಯ ಸಣ್ಣ ಓರೆಯೂ ದೊಡ್ಡದಾಗಿ ಕಣ್ಣಿಗೆ ಬೀಳುತ್ತದೆ. ಅಂದರೆ ಅವಳ ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿರಲಿಲ್ಲ. ಮೊದಲೂ ಇದ್ದ ನಡುಕ ಈಗ ಕಾಣಿಸತೊಡಗಿತ್ತು, ಅಷ್ಟೆ.

ಒಳ್ಳೆಯ ಸಾಧನ ಮೊದಲು ನಮ್ಮ ದೋಷವನ್ನು ತೋರಿಸುತ್ತದೆ. ಹೊಸ ಕನ್ನಡಕ ಹಾಕಿಕೊಂಡ ದಿನ ಮನೆಯ ಮೂಲೆಯ ಜೇಡರ ಬಲೆಯೆಲ್ಲ ಕಂಡಂತೆ.

ಆಮೇಲಿನ ಮೂರು ತಿಂಗಳು ನಮ್ಮ ಹಜಾರವೇ ಅವಳ ಗರಡಿಮನೆ. ಹಿಡಿಯ ಮರ ಅಂಗೈಗೆ ಒತ್ತಿ ಬೊಬ್ಬೆ ಬಂದಾಗ ನಮ್ಮವರು ಉಪ್ಪುಕಾಗದ ತಂದು ಉಜ್ಜಿ ಕೊಟ್ಟರು. ನೇಕಾರರ ಮನೆಯಲ್ಲಿ ಹುಟ್ಟಿದವರು. ಲಾಳಿಯ ಮೈ ಒರಟಾದರೆ ರೇಷ್ಮೆಯ ಎಳೆ ಹರಿಯುತ್ತದೆ ಎಂದು ಬಲ್ಲವರು. ಒಂದು ಕಡೆ ಉಜ್ಜುವುದು, ಇನ್ನೊಂದು ಕಡೆ ಪುಟ್ಟಿ ಮೆತ್ತುವುದು, ಒಣಗಿಸಿ ಮತ್ತೆ ಉಜ್ಜುವುದು. ಕೊನೆಗೆ ಆ ಹಿಡಿ ಅವಳೊಬ್ಬಳ ಕೈಗೆ ಮಾತ್ರ ಕೂರುವಂತಾಯಿತು. ನಾನು ಹಿಡಿದು ನೋಡಿದರೆ ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ.

ಅತ್ತೆ ಮೂಲೆಯಲ್ಲಿ ಕುಳಿತು ಹೂ ಕಟ್ಟುತ್ತ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ತಾವಾಗಿಯೇ ಹೇಳಿದರು. "ಹೊಸ ಮಗ್ಗಾನೂ ಹಿಂಗೇ ಕಣೇ. ಮೂರು ತಿಂಗಳು ನೇಯೋನನ್ನ ಅಳಿಸ್ತದೆ. ಆಮೇಲೆ ಕೈ ಪಳಗ್ತದೆ, ಮಗ್ಗ ಇದೆ ಅನ್ನೋದೇ ಮರೆತುಹೋಗ್ತದೆ. ಹಂಗೆ ಮರೆತ ದಿನಾನೇ ಬೆರಳು ಹೋಗೋದು." ನಮ್ಮ ಮಾವನವರ ಎಡಗೈಯ ಕಿರುಬೆರಳಿನ ತುದಿ ಇರಲಿಲ್ಲ. ಕೈಮಗ್ಗ ಬಿಟ್ಟು ಕರೆಂಟ್ ಮಗ್ಗ ಹಾಕಿದ ಮೊದಲ ವರ್ಷವಲ್ಲ, ಏಳನೆಯ ವರ್ಷ ಅದು ಬೆಲ್ಟಿಗೆ ಸಿಕ್ಕಿದ್ದು.

ಅತ್ತೆಯ ಆ ಮಾತು ನನ್ನ ತಲೆಯಲ್ಲಿ ಕೂತಿತು. ನಮ್ಮ ಭಾಷೆಯಲ್ಲಿ 'ಅಭ್ಯಾಸ' ಎಂಬ ಪದಕ್ಕೆ ಎರಡು ಮುಖಗಳಿವೆ. ಸಂಗೀತದ ಅಭ್ಯಾಸ ಎನ್ನುತ್ತೇವೆ, ನಶ್ಯದ ಅಭ್ಯಾಸ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ಮನಸ್ಸು ಎಚ್ಚರವಾಗಿದ್ದು ಕೈಗೆ ಕಲಿಸುತ್ತದೆ. ಎರಡನೆಯದರಲ್ಲಿ ಕೈ ತಾನೇ ಹೋಗಿ ಡಬ್ಬಿ ತೆಗೆಯುತ್ತದೆ, ಮನಸ್ಸು ನಿದ್ದೆ ಮಾಡುತ್ತಿರುತ್ತದೆ. ಎರಡೂ ಹೊರಗಿನಿಂದ ನೋಡಲು ಒಂದೇ ಥರ. ಹಾಗಾದರೆ ಒಂದು ಆಯುಧಕ್ಕೆ ಕೈ ಹೊಂದಿಕೊಳ್ಳುವುದು ಎಂದರೆ ಇವೆರಡರಲ್ಲಿ ಯಾವುದು? ನನ್ನ ಮಗಳು ಅದಕ್ಕೆ ಪಳಗುತ್ತಿದ್ದಾಳೋ, ಅಥವಾ ಪಿಸ್ತೂಲೆಂಬುದು ಪಿಸ್ತೂಲು ಎನ್ನುವುದನ್ನೇ ಮರೆಯುತ್ತಿದ್ದಾಳೋ?

ನಿಮಗೆ ಇದು ಅತಿ ಯೋಚನೆ ಎನ್ನಿಸಬಹುದು. ಕಾಗದದ ಮೇಲಿನ ವೃತ್ತಕ್ಕೆ ಸೀಸದ ಚಿಕ್ಕ ಕಾಳು ಹೊಡೆಯುವ ಆಟ. ಸ್ಪರ್ಧೆಯ ಈ ಗಾಳಿ ಪಿಸ್ತೂಲಿಗೆ ಲೈಸೆನ್ಸೂ ಬೇಡ. ಹೆಂಗಸರಿಗೆಂದು ಈ ಸ್ಪರ್ಧೆ ಒಲಿಂಪಿಕ್ಸಿಗೆ ಸೇರಿದ್ದು 1988ರಲ್ಲಿ, ನಾನು ಪಿ.ಯು.ಸಿ. ಓದುತ್ತಿದ್ದಾಗ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ನಮ್ಮ ಕರ್ನಾಟಕದ ದಿವ್ಯಾ ಟಿ.ಎಸ್. ಎರಡು ಬೆಳ್ಳಿ ತಂದರು, ತಂಡದಲ್ಲಿ ಒಂದು, ಸರಬ್‌ಜೋತ್ ಸಿಂಗ್ ಜೊತೆ ಜೋಡಿಯಲ್ಲಿ ಇನ್ನೊಂದು. ನಾನು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಆ ಸುದ್ದಿಯನ್ನು ಮಕ್ಕಳಿಗೆ ಓದಿ ಹೇಳಿ ಚಪ್ಪಾಳೆ ಹೊಡೆಸಿದ್ದೆ. ಅದೇ ವಸ್ತು ನನ್ನ ಹಜಾರಕ್ಕೆ ಬಂದಾಗ ಮಾತ್ರ ಅಳುಕು.

ಅಳುಕಿಗೆ ಕಾರಣವೂ ಇತ್ತು. ಈ ನಾಡಿನಲ್ಲಿ ಪಿಸ್ತೂಲು ಎಂದರೆ ನಮಗೆ ನೆನಪಾಗುವುದು ಪದಕಗಳಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಜೀವಮಾನವೆಲ್ಲ ಪಾಠ ಹೇಳಿದ ಮನುಷ್ಯ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಕೊಂದರು. ಅವತ್ತು ಶಿಕ್ಷಕರ ದಿನಾಚರಣೆ. ಮಕ್ಕಳು ಕೊಟ್ಟ ಗುಲಾಬಿಗಳನ್ನು ನೀರಿನ ಲೋಟದಲ್ಲಿಟ್ಟು ಟೀವಿ ಹಾಕಿದ್ದೆ. ಕೊಂದವರ ಕೈಯೂ ಎಲ್ಲೋ ಅಭ್ಯಾಸ ಮಾಡಿಯೇ ಬಂದಿರಬೇಕಲ್ಲ? ಅವರೂ ಉಸಿರು ಹಿಡಿದು, ತೋಳು ಚಾಚಿ, ಬೆರಳು ಒತ್ತುವುದನ್ನು ಕಲಿತಿರಬೇಕಲ್ಲ?

ನಮ್ಮ ಶಾಲೆಯಲ್ಲಿ ಹಿಂದೆ ಕೊಡಗಿನ ಟೀಚರೊಬ್ಬರಿದ್ದರು. ಅವರಿಗೆ ನನ್ನ ಅಳುಕು ನಗು ತರಿಸಿತು. ಅವರ ಕಡೆ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ ಸೀರೆಯುಟ್ಟ ಹೆಂಗಸರೂ ನಿಲ್ಲುತ್ತಾರೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಅಲ್ಲಿನ ಪದ್ಧತಿ. "ನಮ್ಮಲ್ಲಿ ಕೋವಿ ಮನೆಯ ಒಬ್ಬ ಹಿರಿಯ ಇದ್ದ ಹಾಗೆ, ಹಿರಿಯರ ಎದುರು ಯಾರೂ ಹುಡುಗಾಟ ಆಡೋದಿಲ್ಲ" ಎಂದರು. ಅದು ಅವರ ಮಣ್ಣಿನ ಮಾತು. ನಮ್ಮ ಬಯಲುಸೀಮೆಯ ನೇಕಾರರ ಬೀದಿಯಲ್ಲಿ ಅಂಥ ಹಿರಿಯನ ಪರಿಚಯ ನಮಗಿಲ್ಲ. ಆದರೂ ಆ ಮಾತಿನಲ್ಲಿ ಏನೋ ಇದೆ ಎನ್ನಿಸಿತು.

ಅದೇನೆಂದು ಗೊತ್ತಾದದ್ದು ಮಗಳ ಜೊತೆ ನಾನೂ ಒಂದು ದಿನ ಬೆಂಗಳೂರಿಗೆ ಹೋದಾಗ. ದೇವಸ್ಥಾನಕ್ಕಿಂತ ಹೆಚ್ಚು ಮೌನ. ಸಾಲಾಗಿ ನಿಂತ ಹುಡುಗ ಹುಡುಗಿಯರು, ಒಂದು ಕೈ ಮುಂದೆ ಚಾಚಿ, ಇನ್ನೊಂದು ಕೈ ಜೇಬಿನಲ್ಲಿ. ಈ ಆಟದಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಹತ್ತು ಮೀಟರ್ ಆಚೆಗಿನ ಗುರಿಯ ನಟ್ಟನಡುವಿನ ವೃತ್ತದ ಅಗಲ ಹನ್ನೊಂದೂವರೆ ಮಿಲಿಮೀಟರು, ಒಂದು ರೂಪಾಯಿ ನಾಣ್ಯದ ಅರ್ಧದಷ್ಟು. ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಸಲ ಕೈ ಎತ್ತಿ ಅದಕ್ಕೆ ಹೊಡೆಯಬೇಕು. ನನಗೆ ಆಶ್ಚರ್ಯವಾದದ್ದು ಅದಲ್ಲ, ಅಲ್ಲಿನ ಕಟ್ಟುನಿಟ್ಟು. ಪಿಸ್ತೂಲು ಕೆಳಗಿಟ್ಟ ಕೂಡಲೇ ನಳಿಕೆಯೊಳಗೆ ಬಣ್ಣದ ಒಂದು ದಾರ ತೂರಿಸಬೇಕು, ಒಳಗೆ ಏನೂ ಇಲ್ಲ ಎಂದು ದೂರದಿಂದಲೇ ಕಾಣುವಂತೆ. 'ಸ್ಟಾಪ್' ಎಂಬ ಕೂಗು ಬಂದರೆ ಎಂಥ ಗುರಿ ಕೂಡಿಬಂದಿದ್ದರೂ ಆ ಕ್ಷಣ ನಿಲ್ಲಿಸಬೇಕು.

ಮಗಳ ಪಿಸ್ತೂಲನ್ನು ಎತ್ತಿ ಕೊಡೋಣವೆಂದು ನಾನು ಕೈ ಹಾಕಿದೆ. ಅವಳು ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು.

"ಅಮ್ಮ, ಬೇಡ. ಬಾಯಿ ಈ ಕಡೆ ತಿರುಗುತ್ತೆ."

"ಖಾಲಿ ಇದೆಯಲ್ಲೇ?"

"ಖಾಲಿ ಇದ್ರೂ ಅಷ್ಟೇ. ಖಾಲಿ ಪಿಸ್ತೂಲನ್ನ ಮನುಷ್ಯರ ಕಡೆ ತಿರುಗಿಸಿದ್ರೂ ಇಲ್ಲಿಂದ ಹೊರಗೆ ಕಳಿಸ್ತಾರೆ. ಯಾವಾಗಲೂ ತುಂಬಿದೆ ಅಂತಲೇ ತಿಳ್ಕೋಬೇಕು."

ಹಿಂದಿರುಗುವ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಯಲಹಂಕ ದಾಟಿತು, ರಾಜಾನುಕುಂಟೆ ದಾಟಿತು. ನನಗೆ ಮಾತ್ರ ಆ ಒಂದು ಮಾತು ಸುತ್ತಿಕೊಂಡಿತ್ತು. ಖಾಲಿ ಪಿಸ್ತೂಲನ್ನು ತಪ್ಪಾಗಿ ತಿರುಗಿಸಿದರೂ ಹೊರಗೆ ಕಳಿಸುತ್ತಾರಂತೆ. ನನ್ನನ್ನು ಯಾರೂ ಯಾವತ್ತೂ ಹೊರಗೆ ಕಳಿಸಲಿಲ್ಲ. ನನ್ನ ಕೈಯಲ್ಲಿದ್ದದ್ದು ಖಾಲಿಯೂ ಆಗಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 1994ರಲ್ಲಿ. ಆ ಕಾಲದ ಶಾಲೆಗಳಲ್ಲಿ ಹಾಜರಿ ಪುಸ್ತಕ, ಸೀಮೆಸುಣ್ಣ, ಬೆತ್ತ, ಈ ಮೂರೂ ಒಟ್ಟಿಗೆ ತರಗತಿಗೆ ಹೋಗುತ್ತಿದ್ದವು. ಬಿ.ಎಡ್.ನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿ ಒಳ್ಳೆಯ ಅಂಕ ತೆಗೆದವಳು ನಾನು. ಮೊದಲ ಸಲ ಒಬ್ಬ ಹುಡುಗನ ಅಂಗೈಗೆ ಹೊಡೆದ ದಿನ ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಎರಡನೆಯ ಸಲ ಊಟ ಮಾಡಿದೆ. ಇಪ್ಪತ್ತನೆಯ ಸಲದ ಹೊತ್ತಿಗೆ ಯಾರಿಗೆ ಹೊಡೆದೆ ಎಂಬುದೇ ಸಂಜೆಗೆ ನೆನಪಿರುತ್ತಿರಲಿಲ್ಲ. ಕೈ ಪಳಗಿತ್ತು. ಆಯುಧಪೂಜೆಯ ದಿನ ಗ್ಲೋಬು, ನಕ್ಷೆಗಳ ಜೊತೆ ಬೆತ್ತಕ್ಕೂ ಕುಂಕುಮ ಇಡುತ್ತಿದ್ದೆವು. ಅದು ಆಯುಧವೆಂದು ನಾವೇ ಒಪ್ಪಿಕೊಂಡ ದಿನ ವರ್ಷಕ್ಕೆ ಅದೊಂದೇ.

1998ನೆಯ ಇಸವಿ ಇರಬೇಕು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗ ಸಮಾಜ ಪಾಠದ ಹೊತ್ತಿಗೆ ತೂಕಡಿಸುತ್ತಿದ್ದ. ಎರಡು ದಿನ ಬೈದೆ. ಮೂರನೆಯ ದಿನ ಬೆತ್ತ ಕೈಗೆ ಸಿಗಲಿಲ್ಲ, ಮೇಜಿನ ಮೇಲಿದ್ದ ಮರದ ಅಡಿಕೋಲಿನ ಅಂಚಿನಿಂದ ಬಲಗೈ ಬೆರಳ ಗೆಣ್ಣುಗಳ ಮೇಲೆ ಹೊಡೆದೆ. ಮಾರನೆಯ ದಿನ ಬೆರಳು ಊದಿತ್ತು. ಅದರ ಮಾರನೆಯ ದಿನ ಅವನ ತಾಯಿ ಬಂದಳು. ಜಗಳಕ್ಕೆ ಬಂದಿದ್ದಾಳೆಂದು ನಾನು ಸಿದ್ಧಳಾಗಿ ನಿಂತೆ. ಆಕೆ ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡು ಬಹಳ ಮೆತ್ತಗೆ ಹೇಳಿದಳು.

"ತಪ್ಪು ಮಾಡಿದ್ರೆ ಹೊಡೀರಿ ಮೇಡಂ, ಬೇಡ ಅನ್ನಲ್ಲ. ಎಡಗೈಗೆ ಹೊಡೀರಿ. ರಾತ್ರಿ ಮಗ್ಗದ ಹತ್ರ ಎಳೆ ಕಟ್ಟೋಕೆ ಅವನ ಬಲಗೈ ಬೇಕು."

ರಾತ್ರಿ ಹನ್ನೆರಡರ ತನಕ ಮಗ್ಗದ ಪಕ್ಕ ನಿಂತು ಹರಿದ ಎಳೆ ಕಟ್ಟುತ್ತಿದ್ದ ಹುಡುಗ ಹಗಲು ತೂಕಡಿಸದೆ ಇನ್ನೇನು ಮಾಡಬೇಕು? ನಾನು ಕೇಳಿರಲಿಲ್ಲ. ನಾನೂ ಅದೇ ನೇಕಾರರ ಬೀದಿಯ ಸೊಸೆ, ನಮ್ಮ ಮನೆಯ ಹಿತ್ತಿಲಲ್ಲೂ ನಾಲ್ಕು ಮಗ್ಗ ಓಡುತ್ತಿದ್ದವು. ಆ ಸದ್ದಿಗೆ ಕಿವಿ ಹೊಂದಿಕೊಂಡಿತ್ತು, ಆ ಹುಡುಗನ ನಿದ್ದೆಗೆ ಕಣ್ಣು ಹೊಂದಿಕೊಂಡಿತ್ತು, ಅಡಿಕೋಲಿಗೆ ಕೈ ಹೊಂದಿಕೊಂಡಿತ್ತು. ಏಕಲವ್ಯನ ಪಾಠ ಮಾಡುವಾಗ ದ್ರೋಣರು ಹೆಬ್ಬೆರಳು ಕೇಳಿದ್ದು ಸರಿಯೇ ಎಂದು ಮಕ್ಕಳಿಂದ ಪ್ರಬಂಧ ಬರೆಸುತ್ತಿದ್ದವಳು ನಾನು. ದ್ರೋಣರು ಕೇಳಿಯಾದರೂ ತೆಗೆದುಕೊಂಡರು.

ಆ ದಿನದಿಂದ ಬೆತ್ತ ಬಿಟ್ಟೆ ಎಂದು ಬರೆಯಲು ಸಾಧ್ಯವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬಿಡಲಿಲ್ಲ. ಒಂದು ತಿಂಗಳು ಬಿಟ್ಟೆ. ಪರೀಕ್ಷೆ ಬಂತು, ಮತ್ತೆ ಹಿಡಿದೆ. ಬಲಗೈಗೆ ಮಾತ್ರ ಹೊಡೆಯುತ್ತಿರಲಿಲ್ಲ, ಅಷ್ಟೇ ನನ್ನ ಪಶ್ಚಾತ್ತಾಪ. ನಿಜವಾಗಿ ಬಿಟ್ಟದ್ದು 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೆ. ಅದರ ಹದಿನೇಳನೆಯ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿತು. 2010ರ ಏಪ್ರಿಲ್ ಒಂದರಿಂದ ಅದು ಜಾರಿಗೆ ಬಂತು. ಆಗ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಗೊಣಗಿದೆವು. "ಇನ್ನು ಮಕ್ಕಳನ್ನ ಹಿಡಿಯೋರು ಯಾರು?" ಎಂದೆವು. ಈಗ ಅರ್ಥವಾಗುತ್ತದೆ. ಕಾನೂನು ನಮ್ಮನ್ನು ಅವಮಾನ ಮಾಡಲಿಲ್ಲ. ಕೈಯನ್ನು ನಂಬಿ ಕೂರಬಾರದು ಎಂದು ಹೇಳಿತು. ಪಿಸ್ತೂಲಿನ ನಳಿಕೆಯೊಳಗೆ ತೂರಿಸುವ ಆ ಬಣ್ಣದ ದಾರ ಹೇಳುವುದೂ ಅದನ್ನೇ.

ವಸ್ತುವಿನಲ್ಲಿ ದೋಷವಿಲ್ಲ, ಹಿಡಿದವರ ಮನಸ್ಸಿನಲ್ಲಿ ದೋಷ ಎಂದು ಹೇಳುವುದು ಸುಲಭ. ನಾನೂ ಭಾಷಣ ಸ್ಪರ್ಧೆಯ ಮಕ್ಕಳಿಗೆ ಹಾಗೆ ಬರೆದುಕೊಟ್ಟಿದ್ದೇನೆ. ಅನುಭವ ಬೇರೆ ಹೇಳುತ್ತದೆ. ಕೈಯಲ್ಲಿ ಬೆತ್ತವಿದ್ದರೆ ಅದು ಅಂಗೈಯನ್ನು ಹುಡುಕುತ್ತದೆ. ಬೆತ್ತವಿಲ್ಲದ ದಿನ ಅದೇ ತುಂಟತನಕ್ಕೆ ನಾನು ನಕ್ಕು ಸುಮ್ಮನಾದದ್ದೂ ಉಂಟು. ವಸ್ತು ಸುಮ್ಮನಿರುವುದಿಲ್ಲ, ನಮ್ಮನ್ನು ತನ್ನ ಕಡೆಗೆ ಎಳೆಯುತ್ತಿರುತ್ತದೆ. ಪಿಸ್ತೂಲಿನ ಬಳಿ ಇರುವವರು ಇದನ್ನು ಮರೆಯದಂತೆ ಸುತ್ತಲೂ ನಿಯಮದ ಬೇಲಿ ಹಾಕಿಕೊಂಡಿದ್ದಾರೆ. ಬೆತ್ತ ಹಿಡಿದ ನಾವು, ಮಕ್ಕಳ ಒಳ್ಳೆಯದಕ್ಕೇ ಹಿಡಿದಿದ್ದೇವೆ ಎಂಬ ನಂಬಿಕೆಯಲ್ಲಿ, ಬೇಲಿ ಬೇಡವೆಂದುಕೊಂಡೆವು.

ಇನ್ನೊಂದು ವಿಷಯ ಹೇಳಬೇಕು. ಅರ್ಜುನನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ, ಹಕ್ಕಿಯ ಕಣ್ಣು ಮಾತ್ರ ಕಂಡಿತು ಎಂದು ಎಷ್ಟು ತರಗತಿಗಳಿಗೆ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಮಗಳಿಗೂ ಅದನ್ನೇ ಹೇಳಲು ಹೋದೆ. ಅವಳು ತಲೆಯಾಡಿಸಿದಳು. "ಇಲ್ಲಮ್ಮ, ನಮಗೆ ಗುರಿ ಮಬ್ಬಾಗಿ ಕಾಣಬೇಕು. ಕಣ್ಣು ಇರಬೇಕಾದದ್ದು ನಮ್ಮ ಪಿಸ್ತೂಲಿನ ತುದಿಯ ಮೇಲೆ. ಗುರಿಯನ್ನೇ ನೋಡ್ತಾ ಇದ್ದರೆ ಕೈ ಓರೆ ಆದದ್ದು ಗೊತ್ತೇ ಆಗಲ್ಲ." ಕಣ್ಣು ಒಂದು ಸಲಕ್ಕೆ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಆದ್ದರಿಂದ ಅವರು ತಮ್ಮ ಕೈಯ ಹತ್ತಿರದ್ದನ್ನು ಆರಿಸಿಕೊಳ್ಳುತ್ತಾರೆ. ನಾನು ಮೂವತ್ತು ವರ್ಷ ಗುರಿಯನ್ನೇ ನೋಡಿದೆ. ನೂರಕ್ಕೆ ನೂರು ಫಲಿತಾಂಶ, ಶಿಸ್ತಿನ ತರಗತಿ, ಇನ್ಸ್‌ಪೆಕ್ಟರ ಮೆಚ್ಚುಗೆ. ಹಕ್ಕಿಯ ಕಣ್ಣು ನಿಚ್ಚಳವಾಗಿ ಕಂಡಿತು. ನನ್ನ ಕೈ ಏನು ಮಾಡುತ್ತಿದೆ ಎಂಬುದು ಕಾಣಲಿಲ್ಲ.

ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಕಥೆಯನ್ನು ಮಗಳು ಆಗಾಗ ಹೇಳುತ್ತಾಳೆ. 2013ರಲ್ಲಿ ಸ್ಪೇನಿನ ಗ್ರನಾಡಾಕ್ಕೆ ಸ್ಪರ್ಧೆಗೆಂದು ಹೋದಾಗ ಅವರ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಗುರಿಕಾರನಿಗೆ ಮುಖವೇ ಮಾತು ಕೇಳದಿದ್ದರೆ ಹೇಗಿರಬೇಡ! ಆದರೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಇದೇ ಹತ್ತು ಮೀಟರ್ ಗಾಳಿ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸಿಗೂ ಹೋದರು. ಪಳಗಿದ್ದ ಮೈ ಒಂದು ದಿನ ಅಪರಿಚಿತವಾದರೆ ಅದಕ್ಕೆ ಮತ್ತೆ ಮೊದಲಿನಿಂದ ಹೊಂದಿಕೊಳ್ಳಬಹುದು ಎಂದು ನಾನು ಆ ಕಥೆಯಿಂದ ತೆಗೆದುಕೊಂಡೆ. ಐವತ್ತು ದಾಟಿದ ಮೇಲೆ ಕೈಯ ಅಭ್ಯಾಸ ಬದಲಿಸಲಾಗದು ಎನ್ನುವುದು ಸೋಮಾರಿಯ ಮಾತು.

ಕಳೆದ ವರ್ಷ ಹಳೆಯ ಬಸ್ ನಿಲ್ದಾಣದ ಹತ್ತಿರ ತರಕಾರಿ ಕೊಳ್ಳುತ್ತಿದ್ದಾಗ ಒಬ್ಬಾತ ಸ್ಕೂಟರ್ ನಿಲ್ಲಿಸಿ, "ಮೇಡಂ, ಚೆನ್ನಾಗಿದ್ದೀರಾ?" ಎಂದು ಕಾಲಿಗೆ ನಮಸ್ಕಾರ ಮಾಡಿದ. ಅದೇ ಹುಡುಗ. ಈಗ ಸ್ವಂತದ ಆರು ಮಗ್ಗಗಳ ಯಜಮಾನ. ಹಿಂದೆ ಹತ್ತು ವರ್ಷದ ಮಗ ಕುಳಿತಿದ್ದ. ನನ್ನ ಕಣ್ಣು ಅವನ ಬಲಗೈಗೇ ಹೋಯಿತು. ಎಲ್ಲ ಬೆರಳುಗಳೂ ಸರಿಯಾಗಿದ್ದವು. ಹೇಗೋ ಧೈರ್ಯ ಮಾಡಿ, "ನಿನಗೆ ಅಡಿಕೋಲಲ್ಲಿ ಹೊಡೆದಿದ್ದೆ ಕಣಪ್ಪ, ನೆನಪಿದೆಯಾ? ತಪ್ಪಾಯಿತು" ಎಂದೆ. ಅವನು ಜೋರಾಗಿ ನಕ್ಕ.

"ಅಯ್ಯೋ, ಅದೇನು ಬಿಡಿ ಮೇಡಂ. ನಿಮ್ಮ ಏಟಿನಿಂದಲೇ ನಮಗೆ ಬುದ್ಧಿ ಬಂದದ್ದು. ಈಗಿನ ಟೀಚರುಗಳು ಮುಟ್ಟೋದೇ ಇಲ್ಲ. ಇವನಿಗೆ ಮನೇಲಿ ನಾನೇ ನಾಲ್ಕು ಬಿಡ್ತೀನಿ, ಇಲ್ಲಾಂದ್ರೆ ಕೇಳಲ್ಲ."

ಹಿಂದೆ ಕುಳಿತಿದ್ದ ಮಗು ತಲೆ ಬಗ್ಗಿಸಿತು. ನಮ್ಮಂಥವರಿಗೆ ಹಳೆಯ ವಿದ್ಯಾರ್ಥಿಗಳಿಂದ ಇಂಥ ಮಾತು ಕೇಳುವುದು ಹೊಸದೇನಲ್ಲ, ಹಿಂದೆ ನಾನೂ ಹಿಗ್ಗುತ್ತಿದ್ದೆ. ಅಂದು ಹಿಗ್ಗಲಿಲ್ಲ. ನನ್ನ ಕೈ ಮಾತ್ರ ಪಳಗಿತ್ತು ಎಂದುಕೊಂಡಿದ್ದೆ. ಆ ಹುಡುಗನ ಬೆನ್ನೂ ಪಳಗಿತ್ತು, ಈಗ ಅವನ ಕೈಯೂ ಪಳಗಿದೆ. "ಹೊಡೀಬೇಡಪ್ಪ" ಎಂದೆ. "ಆಯ್ತು ಮೇಡಂ" ಎಂದ, ದೊಡ್ಡವರ ಮಾತಿಗೆ ಎದುರಾಡಬಾರದೆಂದು. ತರಕಾರಿ ಚೀಲ ಅಂದು ಬಹಳ ಭಾರವೆನಿಸಿತು.

ಆ ರಾತ್ರಿ ಮಗಳ ಅಭ್ಯಾಸ ನೋಡುತ್ತ ಕುಳಿತೆ. ಹಜಾರದ ಬಿಳಿ ಗೋಡೆಯ ಎದುರು ನಿಂತು, ಗುಂಡು ಹಾಕದ ಪಿಸ್ತೂಲನ್ನು ಎತ್ತಿ ಹಿಡಿಯುತ್ತಾಳೆ. ಗೋಡೆಯ ಮೇಲೆ ಗುರಿ ಇಲ್ಲ, ಚುಕ್ಕೆಯೂ ಇಲ್ಲ. ನೋಡಲು ತನ್ನ ಕೈಯೊಂದೇ. ಉಸಿರು ನಿಲ್ಲುತ್ತದೆ, ಬೆರಳು ನಿಧಾನವಾಗಿ ಒತ್ತುತ್ತದೆ. ಕೆಲವು ಸಲ ಒತ್ತದೆ ಹಾಗೆಯೇ ಕೈ ಇಳಿಸಿಬಿಡುತ್ತಾಳೆ. ಹೀಗೆ ಇಳಿಸಿದ್ದನ್ನು ನಾನು ಸೋಲೆಂದು ತಿಳಿದಿದ್ದೆ.

"ಯಾಕೆ ಇಳಿಸಿದೆ?"

"ಸರಿ ಕೂಡಲಿಲ್ಲ. ಎತ್ತಿದ್ದೀನಿ ಅಂತ ಹೊಡೆಯಲೇಬೇಕು ಅಂತಿಲ್ಲವಲ್ಲ. ಇಳಿಸೋದನ್ನ ಕಲಿಯೋದೇ ಕಷ್ಟ ಅಮ್ಮ. ಹೊಸ ಪಿಸ್ತೂಲು ಭಾರ ನೋಡು, ಮತ್ತೆ ಎತ್ತಬೇಕಲ್ಲ ಅಂತ ಸೋಮಾರಿತನಕ್ಕೆ ಬೆರಳು ಒತ್ತಿಬಿಡುತ್ತೆ. ಈಗ ಸ್ವಲ್ಪ ಬಂದಿದೆ."

ಯಾವುದಾದರೂ ಕೆಲಸದಲ್ಲಿ ನಿಪುಣರಾದವರನ್ನು ನಾವು ಎತ್ತಿದ ಕೈ ಎನ್ನುತ್ತೇವೆ. ಹೊಡೆಯುವುದರಲ್ಲಿ ಒಂದು ಕಾಲಕ್ಕೆ ನಾನೂ ಎತ್ತಿದ ಕೈಯೇ. ಎತ್ತಿದ ಮೇಲೆ ಇಳಿಸಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ, ಬಿ.ಎಡ್.ನಲ್ಲೂ ಇರಲಿಲ್ಲ. ತೂಕಡಿಸುತ್ತಿದ್ದ ಆ ಹುಡುಗನ ಮುಂದೆ ಅಡಿಕೋಲು ಎತ್ತಿದ ಕ್ಷಣದಲ್ಲಿ, ಹೊಡೆಯುವ ಮೊದಲು, ಒಂದೇ ಒಂದು ಉಸಿರಿನಷ್ಟು ಹೊತ್ತಿತ್ತು. ಆ ಹೊತ್ತಿನಲ್ಲಿ ಕೈ ಇಳಿಸಿ, "ರಾತ್ರಿ ನಿದ್ದೆ ಮಾಡಲಿಲ್ಲವೇನೋ?" ಎಂದು ಕೇಳಬಹುದಿತ್ತು.

ಈ ಸಲದ ಆಯುಧಪೂಜೆಗೆ ಮಗ್ಗಗಳಿಗೆ ಬಾಳೆಕಂದು ಕಟ್ಟಿ, ಲಾಳಿಗಳನ್ನು ಸಾಲಾಗಿಟ್ಟು, ಕೊನೆಗೆ ಅತ್ತೆ ಆ ಕಪ್ಪು ಪೆಟ್ಟಿಗೆಯನ್ನು ತಾವೇ ಕೇಳಿ ತರಿಸಿದರು. ಮುಚ್ಚಳ ತೆಗೆಯಲು ಬಿಡಲಿಲ್ಲ. ಮುಚ್ಚಿದ ಪೆಟ್ಟಿಗೆಯ ಮೇಲೆಯೇ ಒಂದು ಬೊಟ್ಟು ಕುಂಕುಮವಿಟ್ಟು, "ಯಾರ ಮೇಲೂ ತಿರುಗದ ಹಾಗೆ ಕಾಪಾಡಪ್ಪ" ಎಂದು ಕೈ ಮುಗಿದರು. ಮಗಳ ಅಂಕಗಳು ಐನೂರ ಅರವತ್ತಕ್ಕೆ ಬಂದಿವೆ. ಹೊಸದು ಎಂಬ ಭಯ ಹೋಗಿದೆ, ಭಾರವಿದೆ ಎಂಬ ಎಚ್ಚರ ಹೋಗಿಲ್ಲ. ಅದು ಹೋಗದಿರಲಿ ಎಂದು ನಾನೂ ಅತ್ತೆಯ ಪಕ್ಕದಲ್ಲಿ ನಿಂತು ಕೈ ಮುಗಿದೆ.